ಬೋಸ್ಟನ್, ಫಿಲಡೆಲ್ಫಿಯಾ: ಎಲ್ಲಿ ದುಡ್ಡು ದಂಡ, ಎಲ್ಲಿ ಪುಕ್ಕಟೆ

ಅಮೆರಿಕ ಬ್ರಿಟಿಷರಿಂದ ಬಿಡಿಸಿಕೊಂಡ ಕತೆಯ ಜಾಗಗಳನ್ನು ನೋಡಲು ಹೊರಟವರು ಸಾಮಾನ್ಯವಾಗಿ ಬೋಸ್ಟನ್‌ಗೆ ಮೂರು ದಿನ ಇಟ್ಟು, ಫಿಲಡೆಲ್ಫಿಯಾವನ್ನು ಅರ್ಧ ದಿನದಲ್ಲಿ ಮುಗಿಸುತ್ತಾರೆ. ಉಲ್ಟಾ ಮಾಡಿ. ದಂಗೆ ಹೊತ್ತಿಕೊಂಡದ್ದು ಬೋಸ್ಟನ್ನಿನಲ್ಲಿ, ಸರ್ಕಾರ ಕಟ್ಟಿದ್ದು ಫಿಲಡೆಲ್ಫಿಯಾದಲ್ಲಿ. ಅಲ್ಲಿ ಖರ್ಚೂ ಕಡಿಮೆ.

ಬೋಸ್ಟನ್ನಿನಲ್ಲಿ ಜೇಬಿಗೆ ಕತ್ತರಿ ಹಾಕುವುದು ಟೀ ಪಾರ್ಟಿ ಹಡಗುಗಳು. ತಲೆಗೆ 30 ಡಾಲರಿಗೂ ಮೇಲೆ. 1773ರ ಡಿಸೆಂಬರ್ 16ರ ರಾತ್ರಿ ಬ್ರಿಟಿಷರ ಚಹಾ ತೆರಿಗೆಗೆ ಸಿಟ್ಟಾದವರ ಕೈಯಿಂದ 342 ಪೆಟ್ಟಿಗೆ ಚಹಾ ನೀರಿಗೆ ಬಿದ್ದದ್ದು ನಿಜ, ಆದರೆ ಈಗ ನಿಂತಿರುವ ಹಡಗುಗಳು ಅಸಲಿಯಲ್ಲ, ನಕಲು. ನೀವು ಎಸೆದ ಪೆಟ್ಟಿಗೆಗೆ ಹಗ್ಗ ಕಟ್ಟಿರುತ್ತದೆ. ಮುಂದಿನವರಿಗಾಗಿ ಅದನ್ನೇ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಮಕ್ಕಳಿದ್ದರೆ ಹೋಗಿ. ಇಲ್ಲವಾದರೆ ಅಂದು ಸಾವಿರಾರು ಜನ ಸೇರಿ ಸಭೆ ನಡೆಸಿದ ಓಲ್ಡ್ ಸೌತ್ ಮೀಟಿಂಗ್ ಹೌಸ್ ಸಾಕು. ಅದು ಅಸಲಿ ಕಟ್ಟಡ, ಟಿಕೆಟ್ಟೂ ಅಗ್ಗ.

ಚಾರಿತ್ರಿಕ ಜಾಗಗಳನ್ನು ಜೋಡಿಸುತ್ತ ನೆಲದ ಮೇಲೆ ಸಾಗುವ ಫ್ರೀಡಂ ಟ್ರೇಲ್ ಎಂಬ ಕೆಂಪು ಗೆರೆ ಸುಮಾರು 4 ಕಿ.ಮೀ. ಉದ್ದ, ಅದಕ್ಕೆ ಗೈಡ್ ಬೇಕಾಗಿಲ್ಲ. 1770ರಲ್ಲಿ ಬ್ರಿಟಿಷ್ ಸೈನಿಕರು ನಡೆಸಿದ ಗೋಲಿಬಾರಿನಲ್ಲಿ ಐವರು ಸತ್ತ ಜಾಗದ ಗುರುತು ಓಲ್ಡ್ ಸ್ಟೇಟ್ ಹೌಸ್ ಮುಂದೆ ನೆಲದಲ್ಲೇ ಇದೆ, ದುಂಡಗೆ ಕಲ್ಲು ಹಾಸಿದ್ದಾರೆ. ಗಡಿಬಿಡಿಯಲ್ಲಿ ಅದನ್ನೇ ತುಳಿದುಕೊಂಡು ಹೋಗುವವರೇ ಹೆಚ್ಚು. ಕೊನೆಯ ಬಂಕರ್ ಹಿಲ್ ಸ್ತಂಭಕ್ಕೆ 294 ಮೆಟ್ಟಿಲು, ಲಿಫ್ಟ್ ಇಲ್ಲ. ಅಲ್ಲಿಂದ ನಡೆದು ವಾಪಸ್ ಬರಬೇಡಿ. ಚಾರ್ಲ್ಸ್‌ಟೌನ್ ನೇವಿ ಯಾರ್ಡಿನಿಂದ ಲಾಂಗ್ ವಾರ್ಫ್‌ಗೆ ದೋಣಿ ಇದೆ, ಹತ್ತೇ ನಿಮಿಷ.

ಫಿಲಡೆಲ್ಫಿಯಾಕ್ಕೆ ರೈಲು ಐದೂವರೆ ಗಂಟೆಯ ಆಸುಪಾಸು. ಅಗ್ಗದ ಬಸ್ಸು ನ್ಯೂಯಾರ್ಕಿನ ಟ್ರಾಫಿಕ್ಕಿಗೆ ಸಿಕ್ಕಿತೆಂದರೆ ದಿನವೇ ಹೋಯಿತು. ಕೆಲವು ಬಸ್ಸುಗಳು ನಿಲ್ದಾಣಕ್ಕೆ ಹೋಗದೆ ರಸ್ತೆ ಬದಿಯಲ್ಲೇ ಇಳಿಸುತ್ತವೆ, ಶೌಚಾಲಯವಿಲ್ಲ, ನೆರಳಿಲ್ಲ. ಉಳಿದ ದುಡ್ಡು ಟ್ಯಾಕ್ಸಿಗೆ ಸರಿಹೋಗುತ್ತದೆ. ದಾರಿಯಲ್ಲಿ ನ್ಯೂಯಾರ್ಕಿನ ಫೆಡರಲ್ ಹಾಲ್‌ಗೆ ಇಳಿಯುವವರು ಒಂದು ತಿಳಿದಿರಲಿ: 1789ರಲ್ಲಿ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಪ್ರಮಾಣವಚನ ಸ್ವೀಕರಿಸಿದ ಕಟ್ಟಡ ಎಂದೋ ನೆಲಸಮವಾಗಿದೆ. ಈಗಿರುವುದು 1842ರ ಸುಂಕದ ಕಟ್ಟೆ.

ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್ ಪ್ರವೇಶ ಪುಕ್ಕಟೆ, ಆದರೆ ವರ್ಷದ ಬಹುತೇಕ ದಿನ ಸಮಯ ನಮೂದಾದ ಟಿಕೆಟ್ ಬೇಕು. ಆನ್‌ಲೈನ್ ಕಾದಿರಿಸಲು ಒಂದು ಡಾಲರ್. ತಪಾಸಣೆಯ ಸಾಲಿಗೆ ಮುಕ್ಕಾಲು ಗಂಟೆ ಮೊದಲೇ ಹೋಗಿ, ದೊಡ್ಡ ಬ್ಯಾಗ್ ರೂಮಿನಲ್ಲೇ ಬಿಡಿ. 1776ರ ಸ್ವಾತಂತ್ರ್ಯ ಘೋಷಣೆಗೂ 1787ರ ಸಂವಿಧಾನಕ್ಕೂ ಸಹಿ ಬಿದ್ದದ್ದು ಇಲ್ಲಿನ ಒಂದೇ ಕೋಣೆಯಲ್ಲಿ. ಮೇಜು ಕುರ್ಚಿಗಳಲ್ಲಿ ಹೆಚ್ಚಿನವು ಆ ಕಾಲದ ಬೇರೆ ಸಾಮಾನುಗಳು. ಅಧ್ಯಕ್ಷ ಪೀಠದ ಕುರ್ಚಿ ಮಾತ್ರ ಅಸಲಿ. ಬೆನ್ನಿನ ತುದಿಯಲ್ಲಿ ಚಿನ್ನದ ಬಣ್ಣದ ಅರ್ಧ ಸೂರ್ಯ ಕೆತ್ತಿದೆ. ಅದನ್ನು ಮಾಡಿದ್ದು 1779ರಲ್ಲಿ, ಹಾಗಾಗಿ ಘೋಷಣೆಯ ಹೊತ್ತಿಗೆ ಅದು ಅಲ್ಲಿರಲಿಲ್ಲ. ಸಂವಿಧಾನ ರಚಿಸುವಾಗ ವಾಷಿಂಗ್ಟನ್ ಕುಳಿತದ್ದು ಅದರಲ್ಲೇ. ಘೋಷಣೆಯ ಮೂಲ ಪತ್ರ ಇಲ್ಲಿ ಸಿಗುವುದಿಲ್ಲ, ಅದಿರುವುದು ವಾಷಿಂಗ್ಟನ್ ನಗರದಲ್ಲಿ.

ಇಲ್ಲಿಂದ ಜನ ಸೀದಾ ಹೊರಗೆ ಹೋಗಿಬಿಡುತ್ತಾರೆ. ನೀವು ಹೋಗಬೇಡಿ, ಪಕ್ಕದ ಕಾಂಗ್ರೆಸ್ ಹಾಲ್ ಅದೇ ತಪಾಸಣೆಯ ಆವರಣದೊಳಗಿದೆ; ಹೊರಬಿದ್ದರೆ ಮತ್ತೆ ಸಾಲು. ಸಂವಿಧಾನಕ್ಕೆ ಮುಂಚಿನ ಮೊದಲ ಒಕ್ಕೂಟ ಸರ್ಕಾರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ, ಸಾಲ ತೀರಿಸಲಾಗದೆ ಒದ್ದಾಡಿತು. ಆಮೇಲೆ ಬಂದ ಹೊಸ ಸರ್ಕಾರದ ಸಂಸತ್ತು 1790ರಿಂದ 1800ರವರೆಗೆ ಕುಳಿತದ್ದು ಇಲ್ಲಿ: ಕೆಳಗೆ ಪ್ರತಿನಿಧಿಗಳು, ಮೇಲೆ ಸೆನೆಟ್. 1797ರಲ್ಲಿ ವಾಷಿಂಗ್ಟನ್ ಇಳಿದು ಜಾನ್ ಆಡಮ್ಸ್ ಅಧಿಕಾರ ವಹಿಸಿಕೊಂಡದ್ದೂ ಈ ಕೆಳಗಿನ ಸಭಾಂಗಣದಲ್ಲೇ. ಇಡೀ ಪ್ರವಾಸದಲ್ಲಿ ಒಂದೇ ಕೋಣೆ ನೋಡಲು ಬಿಡುವಿದ್ದರೆ ಇದನ್ನೇ ನೋಡಿ.

ಲಿಬರ್ಟಿ ಬೆಲ್ ಸಾಲು ಉದ್ದವಿದ್ದರೆ ಚೆಸ್ಟ್‌ನಟ್ ಬೀದಿಯ ಕಡೆಯ ಗಾಜಿನಿಂದಲೇ ಗಂಟೆ ಕಾಣುತ್ತದೆ.

ಊಟಕ್ಕೆ ಹಾಲ್ ಸುತ್ತಮುತ್ತ ಕೂರಬೇಡಿ. ಒಂದು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ನಡೆದರೆ 1893ರಿಂದ ನಡೆಯುತ್ತಿರುವ ರೀಡಿಂಗ್ ಟರ್ಮಿನಲ್ ಮಾರ್ಕೆಟ್. ಹಳೆಯ ರೈಲು ನಿಲ್ದಾಣದ ಕೆಳಗಿನ ಸಂತೆ ಅದು. ಕಣ್ಣೆದುರೇ ಹಿಟ್ಟು ಹೊಸೆದು, ಬೇಯಿಸಿ, ಬೆಣ್ಣೆ ಸವರಿ ಕೊಡುವ ಬಿಸಿ ಪ್ರೆಟ್ಜೆಲ್, ಸೇಬು ತುಂಬಿದ ಡಂಪ್ಲಿಂಗ್ ಮೇಲೆ ಕೆನೆ, ಬೆಳಗ್ಗೆ ತಟ್ಟೆಯಗಲದ ಪ್ಯಾನ್‌ಕೇಕ್. ಸಸ್ಯಾಹಾರಿಗಳು ಹಂದಿ ಕೊಬ್ಬು ಹಾಕಿದ್ದಾರೆಯೇ ಎಂದು ಕೇಳಿಕೊಳ್ಳಿ. ನಡು ಮಧ್ಯಾಹ್ನ ಕೂರಲು ಜಾಗ ಸಿಗದು, ಹನ್ನೊಂದಕ್ಕೆ ಹೋಗಿ. ಭಾನುವಾರ ಹಳೆಯ ಕಾಲದ ರೀತಿಯಲ್ಲೇ ಬದುಕುವ ಆಮಿಶ್ ಎಂಬ ಕ್ರೈಸ್ತ ಸಮುದಾಯದವರ ಅಂಗಡಿ ತೆರೆಯುವುದಿಲ್ಲ, ಒಳ್ಳೆಯ ತಿಂಡಿಯೆಲ್ಲ ಅವರ ಹತ್ತಿರವೇ ಇರುವುದು.