ಮುಖ ತೊಳೆದು ಅರ್ಧ ಗಂಟೆ ಸುಮ್ನೆ ಕೂತಿದ್ದೆ

ನನ್ನ ಚರ್ಮ ಯಾವ ಥರದ್ದು ಅಂತ ತಿಳಿಯೋಕೆ ಇವತ್ತು ಬೆಳಿಗ್ಗೆ ಮುಖ ತೊಳೆದು, ಏನೂ ಹಚ್ಚದೆ, ಅರ್ಧ ಗಂಟೆ ಸುಮ್ನೆ ಕೂತಿದ್ದೆ. ನನ್ನದು ಎಣ್ಣೆ ಚರ್ಮ ಅಂತ ಇಷ್ಟು ವರ್ಷ ನಂಬಿದ್ದೆ. ದಾವಣಗೆರೆ ಬಿಸಿಲಲ್ಲಿ ಮಂಡಿಪೇಟೆ ಸುತ್ತಿ ಬಂದರೆ ಯಾರ ಮುಖ ಹೊಳೆಯಲ್ಲ ಹೇಳಿ? ಅದು ಬೆವರು, ಎಣ್ಣೆಯೇ ಬೇರೆ.

ಆಮೇಲೆ ಟಿಶ್ಯೂ ಒತ್ತಿ ನೋಡಿದೆ. ಹಣೆ, ಮೂಗು, ಗದ್ದದಲ್ಲಿ ಜಿಡ್ಡು. ಕೆನ್ನೆ ಮಾತ್ರ ಒಣಗಿ ಬಿಗಿದಿತ್ತು. ಅಂದರೆ ನನ್ನದು ಮಿಶ್ರ ಚರ್ಮ. ಮುಖವೆಲ್ಲ ಜಿಡ್ಡಾದರೆ ಎಣ್ಣೆ ಚರ್ಮ, ಎಲ್ಲಾ ಕಡೆ ಬಿಗಿದು ಹೊಟ್ಟು ಎದ್ದರೆ ಒಣ ಚರ್ಮ, ಎರಡೂ ಇಲ್ಲದಿದ್ದರೆ ನಾರ್ಮಲ್. ಕ್ರೀಮು ಹಚ್ಚಿದಾಗೆಲ್ಲ ಉರಿ, ಕೆರೆತ ಬಂದರೆ ಸೂಕ್ಷ್ಮ ಚರ್ಮ, ಅದು ಎಣ್ಣೆ ಚರ್ಮದವರಿಗೂ ಇರಬಹುದು.

ಎಣ್ಣೆ ತೆಗೆಯಬೇಕು ಅಂತ ದಿನಕ್ಕೆ ನಾಲ್ಕು ಸಲ ಸೋಪು ಹಾಕುತ್ತಿದ್ದೆ, ಮೇಲೆ ನಿಂಬೆರಸ ಬೇರೆ, ಕೆನ್ನೆ ಉರಿದರೆ ಕೊಳೆ ಹೋಗುತ್ತಿದೆ ಅಂದುಕೊಳ್ಳುತ್ತಿದ್ದೆ. ಪಾಪ ಕೆನ್ನೆ. ಇನ್ನು ಎರಡೇ ಸಲ, ಸೌಮ್ಯವಾದ ಫೇಸ್‌ವಾಶ್, ಕೆನ್ನೆಗೆ ಸ್ವಲ್ಪ ಜಾಸ್ತಿ ಮಾಯಿಶ್ಚರೈಸರ್.

ಒಂದು ಮಾತು ಮನಸ್ಸಿಗೆ ಬಂತು. ಚಿಕ್ಕಂದಿನಿಂದ ಎಲ್ಲರೂ ನನ್ನ ಮುಖದ ಬಣ್ಣದ ಬಗ್ಗೆ ಹೇಳಿದ್ದಾರೆ, ಕಪ್ಪಾದೆ, ಬೆಳ್ಳಗಾದೆ ಅಂತ. ಉರಿಯುತ್ತಾ, ಬಿಗಿಯುತ್ತಾ ಅಂತ ಯಾರೂ ಕೇಳಿದ್ದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಚಿತ್ರದುರ್ಗದ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅಲ್ಲಿನ ಗಾಳಿಗೆ ಅವಳ ಮುಖ ಯಾವಾಗಲೂ ಬಿರಿಯುತ್ತದೆ. ನಾಳೆ ಬೆಳಿಗ್ಗೆ ಅವಳೂ ಕೂರುತ್ತಾಳಂತೆ.