ಹೊನ್ನಾವರದಲ್ಲಿ ಪೆಪಾ ಯಾವ ಭಾಷೆಯವಳು?

ಕಳೆದ ವಾರ ಪಕ್ಕದ ಮನೆಯ ಐದು ವರ್ಷದ ಹುಡುಗಿ ನನ್ನ ಮಗಳೊಡನೆ ಹಂದಿಮರಿಯ ಕಾರ್ಟೂನು ‘ಪೆಪಾ ಪಿಗ್’ ನೋಡುತ್ತ ಕುಳಿತಿದ್ದಾಗ, “ನಿನ್ನ ಅಜ್ಜಿಯ ಊರಿನಲ್ಲಿ ಪೆಪಾ ನಿಮ್ಮ ಭಾಷೆಯನ್ನೇ ಮಾತನಾಡುತ್ತಾಳಲ್ಲವೇ?” ಎಂದಳು. ಅದು ಅನುಮಾನದ ಪ್ರಶ್ನೆಯಾಗಿರಲಿಲ್ಲ. ಹಾಗಲ್ಲದೆ ಇನ್ನು ಹೇಗೆ ಎಂಬ ನಂಬಿಕೆ ಅದರಲ್ಲಿತ್ತು, ಅದೇ ನನ್ನನ್ನು ಚುಚ್ಚಿತು.

ನಾವಿರುವ ಬ್ಯಾಂಗರ್ ವೇಲ್ಸ್‌ನ ಉತ್ತರ ಭಾಗದಲ್ಲಿದೆ. ಇಂಗ್ಲೆಂಡಿನಲ್ಲಿ 2004ರಿಂದ ಪ್ರಸಾರವಾಗುತ್ತಿರುವ ಪೆಪಾ ಇಲ್ಲಿನ ವೆಲ್ಷ್ ಭಾಷೆಯ ಟಿವಿ ವಾಹಿನಿ ಎಸ್‌ಫೋರ್‌ಸಿಯ ಮಕ್ಕಳ ವೇಳೆಯಲ್ಲಿ ವೆಲ್ಷ್ ಮಾತನಾಡುತ್ತಾಳೆ. ಇಲ್ಲಿನ ಮಕ್ಕಳಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲವೆಂದಲ್ಲ. ಅರ್ಥವಾದರೂ ನಗು, ಜಗಳ, ಹಟ ಎಲ್ಲವೂ ತಮ್ಮ ಮಾತಿನಲ್ಲೇ ಕಿವಿಗೆ ಬೀಳಲಿ ಎಂದು ವೆಲ್ಷ್ ನಟರಿಂದ ದನಿ ಕೊಡಿಸುತ್ತಾರೆ. 2021ರ ಜನಗಣತಿಯಂತೆ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು ಸುಮಾರು 5 ಲಕ್ಷ 38 ಸಾವಿರ. ನಮ್ಮ ಉತ್ತರ ಕನ್ನಡ ಜಿಲ್ಲೆಯೊಂದರ ಜನಸಂಖ್ಯೆಯೇ 2011ರಲ್ಲಿ 14 ಲಕ್ಷ ದಾಟಿತ್ತು. ಈ ವಾಹಿನಿಯೂ ತಾನಾಗಿ ಬಂದದ್ದಲ್ಲ. ವೆಲ್ಷ್ ವಾಹಿನಿ ತರುವುದಾಗಿ ಕೊಟ್ಟ ಮಾತಿನಿಂದ ಸರ್ಕಾರ ಹಿಂದೆ ಸರಿದಾಗ, 1980ರಲ್ಲಿ ವೇಲ್ಸ್‌ನ ರಾಷ್ಟ್ರೀಯವಾದಿ ನಾಯಕ ಗ್ವಿನ್‌ವೋರ್ ಎವನ್ಸ್ ಆಮರಣ ಉಪವಾಸ ಕೂರುವುದಾಗಿ ಘೋಷಿಸಿದ ಮೇಲೆ ಸರ್ಕಾರ ಮಣಿಯಿತು. ವಾಹಿನಿ ಆರಂಭವಾದದ್ದು 1982ರ ನವೆಂಬರ್ 1ರಂದು, ನಮಗದು ರಾಜ್ಯೋತ್ಸವದ ದಿನ.

ಹೊನ್ನಾವರದಲ್ಲಿ ಅಕ್ಕನ ಮಗ ನೋಡುವ ಜಪಾನಿನ ಕಾರ್ಟೂನು ಹಿಂದಿಯಲ್ಲಿ ಬರುತ್ತದೆ, ನೋಡಿದ ಕಂತೇ ಮತ್ತೆ ಮತ್ತೆ ಬರುತ್ತದೆ. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅವನು ಆಟದಲ್ಲಿ ಸಿಟ್ಟು ಬಂದರೂ ಖುಷಿಯಾದರೂ ಹಿಂದಿಯಲ್ಲೇ ಕೂಗುತ್ತಿದ್ದ. ಆಯಿ ಮೊಮ್ಮಗನ ಮಾತು ತಿಳಿಯದೆ ಸುಮ್ಮನೆ ನಗುತ್ತಿದ್ದಳು. ಕನ್ನಡದಲ್ಲಿ 2009ರಲ್ಲಿ ಮಕ್ಕಳ ವಾಹಿನಿ ಚಿಂಟು ಟಿವಿ ಬಂತು, ಅದು ದೊಡ್ಡ ಕೆಲಸವೇ. ಆದರೆ ಶಾಲೆಯ ಗೆಳೆಯರ ಬಾಯಲ್ಲಿರುವ ಕಾರ್ಟೂನು ಹಿಂದಿ ವಾಹಿನಿಯಲ್ಲಿದ್ದರೆ ಮಗು ಅಲ್ಲಿಗೇ ಹೋಗುತ್ತದೆ, ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ.

ಪರಊರಿನ ಕಥೆಗೆ ಕನ್ನಡ ಕಲಿಸುವುದು ನಮ್ಮ ಜಿಲ್ಲೆಗೆ ಹೊಸ ವಿದ್ಯೆಯಲ್ಲ. 1934ರಲ್ಲಿ ಹುಟ್ಟಿದ ಕೆರೆಮನೆ ಯಕ್ಷಗಾನ ಮೇಳ ನಮ್ಮ ಗುಣವಂತೆಯದೇ. ಆಯಿಯ ಮಡಿಲಲ್ಲಿ ತೂಕಡಿಸುತ್ತ ನಾನು ನೋಡಿದ ಆಟಗಳಲ್ಲಿ ಹಸ್ತಿನಾವತಿಯ ಕೌರವ ಎಷ್ಟು ಅಚ್ಚಗನ್ನಡದಲ್ಲಿ ವಾದಿಸುತ್ತಿದ್ದನೆಂದರೆ, ಅವನು ಬಹಳ ದೂರದವನೆಂದು ನನಗೆ ತಿಳಿದದ್ದು ಶಾಲೆಯ ಪಾಠದಲ್ಲಿ. ಮಾತಿನ ನಡುವೆ ಒಂದು ಇಂಗ್ಲಿಷ್ ಪದ ನುಸುಳಿದರೂ ಮರುದಿನ ಊರಿಡೀ ಅದರದೇ ಚರ್ಚೆ.

ದೂರದರ್ಶನದ ಚಂದನ ವಾಹಿನಿ ದಿನಕ್ಕೊಂದು ತಾಸನ್ನು ಇಂಥ ಕಾರ್ಟೂನುಗಳಿಗೆ ಮೀಸಲಿಟ್ಟು, ಹಕ್ಕು ಕೊಂಡು, ಕನ್ನಡದಲ್ಲಿ ತೋರಿಸಲಿ ಎಂಬುದು ನನ್ನ ಆಸೆ. ದನಿ ಕೊಡುವವರನ್ನು ದೂರ ಹುಡುಕಬೇಕಾಗಿಲ್ಲ: ಮಳೆಗಾಲದ ತಿಂಗಳುಗಳಲ್ಲಿ ಮೇಳದ ತಿರುಗಾಟ ನಿಂತಾಗ ನಮ್ಮ ಹಾಸ್ಯಗಾರರು ಮನೆಯಲ್ಲೇ ಇರುತ್ತಾರೆ, ಮಕ್ಕಳನ್ನು ನಗಿಸುವ ಮಾತು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?