ಕಾಲು, ಕಣ್ಣು, ದಿಕ್ಸೂಚಿ: ಮೈದಾನದಲ್ಲಿ ಅಳತೆ ಕಲಿಸುವ ಬಗೆ

ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಮಗು ತಪ್ಪು ಮಾಡಿದರೆ ಅದು ಮಗುವಿಗೆ ತಾನಾಗಿಯೇ ಗೊತ್ತಾಗುತ್ತದೆಯೇ? ಹತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ದೂರ, ದಿಕ್ಕು, ಎತ್ತರ ಅಳೆಯುವ ಕೆಲಸ ಕೊಡಬೇಕು ಎನ್ನುವುದು ಇದೇ ಕಾರಣಕ್ಕೆ. ಇದರಲ್ಲಿ ತಪ್ಪನ್ನು ಹೇಳಲು ಶಿಕ್ಷಕರು ಬೇಕಾಗಿಲ್ಲ, ನೆಲವೇ ಹೇಳುತ್ತದೆ.

ಮೊದಲು ಹೆಜ್ಜೆ. ಸಮತಟ್ಟು ಜಾಗದಲ್ಲಿ 50 ಮೀಟರ್ ಟೇಪು ಹಾಸಿ ಎರಡೂ ತುದಿಗೆ ಗೂಟ ನೆಡಿ, ಆಮೇಲೆ ಟೇಪು ಸುತ್ತಿ ಪಕ್ಕಕ್ಕಿಡಿ. ಪ್ರತಿ ಮಗುವೂ ಎಡಗಾಲು ನೆಲಕ್ಕೆ ಊರಿದಾಗ ಮಾತ್ರ ಎಣಿಸುತ್ತಾ ನಡೆಯಲಿ. ಹೀಗೆ ಎಣಿಸಿದರೆ ಎರಡು ಹೆಜ್ಜೆಗೆ ಒಂದು ಎಣಿಕೆ ಬರುತ್ತದೆ, ಲೆಕ್ಕ ತಪ್ಪುವುದು ಕಡಿಮೆ. ಇಷ್ಟನ್ನೂ ನಾಲ್ಕು ಸಲ ಮಾಡಿಸಿ, ಮೊದಲ ಸಲದ ಲೆಕ್ಕ ಬಿಟ್ಟುಬಿಡಿ. ಎಲ್ಲರೂ ನೋಡುತ್ತಿದ್ದಾರೆ ಎಂದು ಮಕ್ಕಳು ಮೊದಲ ಸಲ ಕಾಲು ಅಗಲಿಸಿ ಹಾಕುತ್ತಾರೆ. ಉಳಿದ ಮೂರು ಸಲ 40, 42, 41 ಬಂತು ಎಂದುಕೊಳ್ಳಿ. ಸರಾಸರಿ 41, ಅಂದರೆ ಆ ಮಗುವಿನ ಜೋಡಿ ಹೆಜ್ಜೆ ಸುಮಾರು 1.22 ಮೀಟರ್. ಈ ಸಂಖ್ಯೆಯನ್ನು ಮಗು ತನ್ನ ಹಾಳೆಯ ಮೇಲ್ತುದಿಯಲ್ಲಿ ಬರೆದುಕೊಳ್ಳಲಿ, ಮುಂದೆ ಎಲ್ಲ ಕಡೆ ಬೇಕಾಗುತ್ತದೆ. ಏರಿನಲ್ಲಿ ಹೆಜ್ಜೆ ಕಿರಿದಾಗಿ ಎಣಿಕೆ ಹೆಚ್ಚುತ್ತದೆ. ಅದನ್ನು ಬಾಯಲ್ಲಿ ಹೇಳುವ ಬದಲು ಒಂದು ದಿಬ್ಬ ಹತ್ತಿಸಿ ತೋರಿಸಿ.

ಈಗ ದಿಕ್ಸೂಚಿ. ಪಾರದರ್ಶಕ ತಳದ, ತಿರುಗುವ ಡಿಗ್ರಿ ಬಳೆ ಇರುವ ಮಾದರಿಯೇ ಶಾಲೆಗೆ ಸರಿ. ಬೇಕಾದ ಡಿಗ್ರಿಯನ್ನು ಮುಂದಿನ ಗೆರೆಗೆ ಹೊಂದಿಸಿ, ಎದೆಯ ಮಟ್ಟದಲ್ಲಿ ಅಡ್ಡಡ್ಡವಾಗಿ ಹಿಡಿದು, ಮುಳ್ಳಿನ ಕೆಂಪು ತುದಿ ಒಳಗಿನ ಬಾಣದ ಮೇಲೆ ಬರುವವರೆಗೆ ಮೈಯನ್ನೇ ತಿರುಗಿಸಬೇಕು. ಬಹಳ ಮಕ್ಕಳು ಮೈ ಬಿಟ್ಟು ಬಳೆಯನ್ನು ತಿರುಗಿಸುತ್ತಾರೆ, ಹೊಂದಿಸಿದ ಡಿಗ್ರಿ ಅಲ್ಲಿಗೆ ಹೋಯಿತು. ಆಮೇಲೆ ದಿಕ್ಸೂಚಿ ನೋಡುತ್ತಾ ನಡೆಯಕೂಡದು. ಆ ದಿಕ್ಕಿನಲ್ಲಿ ಕಾಣುವ ಕಲ್ಲೋ ಕಂಬವೋ ಗುರುತಿಟ್ಟುಕೊಂಡು ಅದರತ್ತ ನಡೆಯಬೇಕು. ಮೊಬೈಲು, ಕಬ್ಬಿಣದ ಬೇಲಿ, ಗೋಲ್ ಪೋಸ್ಟ್ ಹತ್ತಿರವಿದ್ದರೆ ಮುಳ್ಳು ಆ ಕಡೆಗೆ ವಾಲುತ್ತದೆ.

ಇವೆರಡೂ ಬಂದ ಮೇಲೆ ತ್ರಿಕೋನದ ನಡಿಗೆ ಮಾಡಿಸಿ. ನನ್ನ ಮಟ್ಟಿಗೆ ಇಡೀ ದಿನದ ಜೀವ ಇರುವುದು ಇದರಲ್ಲೇ. ಕಾಲಬುಡದಲ್ಲಿ ಗೂಟ ನೆಟ್ಟು, 120ಕ್ಕಿಂತ ಕಡಿಮೆ ಇರುವ ಯಾವುದಾದರೂ ಡಿಗ್ರಿ ಆರಿಸಲಿ, 40 ಎನ್ನೋಣ. ಆ ದಿಕ್ಕಿನಲ್ಲಿ 25 ಜೋಡಿ ಹೆಜ್ಜೆ. ಅಲ್ಲಿ 120 ಕೂಡಿಸಿ 160ಕ್ಕೆ ಮತ್ತೆ 25. ಮತ್ತೆ 120 ಕೂಡಿಸಿ 280ಕ್ಕೆ 25. ನಿಂತಲ್ಲಿ ಎರಡನೆಯ ಗೂಟ ನೆಡಬೇಕು. ಎಲ್ಲ ಸರಿಯಾಗಿದ್ದರೆ ಎರಡೂ ಗೂಟ ಒಂದೇ ಕಡೆ ಇರಬೇಕು. ಇಲ್ಲದಿದ್ದರೆ ನಡುವಿನ ಅಂತರವನ್ನು ಮಗುವೇ ಟೇಪಿನಿಂದ ಅಳೆದು ಬರೆಯಲಿ.

ಆ ಅಂತರ ಬಹಳ ಸಂಗತಿ ಹೇಳುತ್ತದೆ. 30 ಮೀಟರ್ ಬದಿಯಲ್ಲಿ 5 ಡಿಗ್ರಿ ತಪ್ಪಿದರೆ ಎರಡೂವರೆ ಮೀಟರಿಗಿಂತ ತುಸು ಹೆಚ್ಚು ಪಕ್ಕಕ್ಕೆ ಸರಿಯುತ್ತೇವೆ. ಅಂತರ 60 ಮೀಟರಿನಷ್ಟು ಬಂದರೆ ಯಾವುದೋ ಒಂದು ಬದಿಯಲ್ಲಿ ಕೆಂಪು ತುದಿಯ ಬದಲು ಬಿಳಿ ತುದಿಯನ್ನು ಬಾಣಕ್ಕೆ ಹೊಂದಿಸಿ, ಪೂರ್ತಿ ಹಿಮ್ಮುಖವಾಗಿ ನಡೆದಿದ್ದಾರೆ ಎಂದೇ ಅರ್ಥ. ಇಲ್ಲೊಂದು ಸೂಕ್ಷ್ಮವಿದೆ, ಶಿಕ್ಷಕರಿಗೆ ಗೊತ್ತಿರಲೇಬೇಕು. ಮೂರು ಬದಿಯಲ್ಲೂ ಒಂದೇ ತಪ್ಪು ಮಾಡಿದರೆ ತ್ರಿಕೋನ ಚೆನ್ನಾಗಿಯೇ ಮುಚ್ಚಿಕೊಳ್ಳುತ್ತದೆ! ಹೆಜ್ಜೆಯ ಅಳತೆ ತಪ್ಪಿದ್ದರೆ ತ್ರಿಕೋನ ದೊಡ್ಡದೋ ಚಿಕ್ಕದೋ ಆಗುತ್ತದೆ. ಮೂರು ಸಲವೂ ಬಿಳಿ ತುದಿ ಹಿಡಿದಿದ್ದರೆ ಇಡೀ ಆಕೃತಿ ತಿರುಗಿ ನಿಲ್ಲುತ್ತದೆ. ಮಗು ಮಾತ್ರ ಹೊರಟಲ್ಲಿಗೇ ಬಂದು ಸೇರುತ್ತದೆ. ಆದ್ದರಿಂದ ಮುಂದಿನ ಸುತ್ತಿನಲ್ಲಿ ನೀವೇ ಅಳೆದು, ಹುಲ್ಲಿನಲ್ಲಿ ಕಾಣದಷ್ಟು ಕೆಳಕ್ಕೆ ಗೂಟ ಹೊಡೆದಿಟ್ಟು, ದಿಕ್ಕು ಮತ್ತು ಮೀಟರ್ ಮಾತ್ರ ಬರೆದ ಚೀಟಿ ಕೊಡಿ. ಅಲ್ಲಿ ಈ ಎರಡು ತಪ್ಪೂ ಬಚ್ಚಿಟ್ಟುಕೊಳ್ಳಲಾರವು.

ಒಂದು ಗುಂಪಿಗೆ ನಾಲ್ವರು ಸಾಕು: ದಿಕ್ಸೂಚಿ ಹಿಡಿಯಲು ಒಬ್ಬರು, ಎಣಿಸಲು ಒಬ್ಬರು, ಬರೆಯಲು ಒಬ್ಬರು, ಗೂಟ ನೆಡಲು ಒಬ್ಬರು. ಪ್ರತಿ ಬದಿಗೂ ಕೆಲಸ ಅದಲುಬದಲಾಗಬೇಕು. ಐದನೆಯವರನ್ನು ಸೇರಿಸಿದರೆ ಅವರಿಗೆ ನೋಡುವುದೇ ಕೆಲಸ. ಎರಡು ಪೀರಿಯಡ್ ಒಟ್ಟಿಗೆ ಸಿಗದಿದ್ದರೆ ಹೆಜ್ಜೆ ಅಳತೆಯನ್ನು ಒಂದು ದಿನ, ತ್ರಿಕೋನವನ್ನು ಇನ್ನೊಂದು ದಿನ ಇಟ್ಟುಕೊಳ್ಳಿ, ಅವಸರ ಬೇಡ. ಗಡಿ ಎಲ್ಲಿಯವರೆಗೆ ಎಂದು ನಡೆದೇ ತೋರಿಸಿ. ಮೂರು ಸೀಟಿ ಕೇಳಿದರೆ ಎಲ್ಲವನ್ನೂ ಬಿಟ್ಟು ವಾಪಸ್ ಬರಬೇಕು ಎಂಬುದನ್ನು ಶುರುವಿನಲ್ಲೇ ಒಂದು ಸಲ ಓಡಿಸಿ ಅಭ್ಯಾಸ ಮಾಡಿಸಿ. ಹೋಗುವಾಗ, ಬರುವಾಗ ತಲೆ ಎಣಿಸಿ. ಗುಡುಗು ಕೇಳಿದರೆ ಕೂಡಲೇ ಒಳಗೆ.

ಎತ್ತರಕ್ಕೆ ಕೋನಮಾಪಕ ಸಾಕು. ಅದರ ನೇರ ಅಂಚಿಗೆ ಒಂದು ಸ್ಟ್ರಾ ಅಂಟಿಸಿ, ನಡುವಿನ ತೂತಿನಿಂದ ದಾರ ಇಳಿಬಿಟ್ಟು, ತುದಿಗೆ ಒಂದು ಕಬ್ಬಿಣದ ನಟ್ ಕಟ್ಟಿ. ಸ್ಟ್ರಾ ನೆಲಕ್ಕೆ ಸಮಾಂತರವಾಗಿದ್ದಾಗ ದಾರ 90ರ ಮೇಲೆ ನಿಲ್ಲಬೇಕು. ಮಗು ಸ್ಟ್ರಾದಲ್ಲಿ ಮರದ ತುದಿ ನೋಡುತ್ತಾ, ದಾರ 45ಕ್ಕೆ ಬರುವವರೆಗೆ ಹಿಂದೆ ಹಿಂದೆ ಸರಿಯಲಿ. ಹಿಂದೆ ಕಲ್ಲು ಗುಂಡಿ ಇಲ್ಲದಂತೆ ಜೊತೆಯವರು ನೋಡಿಕೊಳ್ಳಬೇಕು, ದಾರದ ಅಂಕಿಯನ್ನೂ ಅವರೇ ಓದಬೇಕು. ಈಗ ಮರದ ಬುಡಕ್ಕೆ ಇರುವ ದೂರಕ್ಕೆ ಮಗುವಿನ ಕಣ್ಣಿನ ಎತ್ತರ ಕೂಡಿಸಿದರೆ ಮರದ ಎತ್ತರ. ದೂರ 11 ಮೀಟರ್, ಕಣ್ಣು 1.3 ಮೀಟರ್ ಎತ್ತರದಲ್ಲಿದ್ದರೆ ಮರ 12.3 ಮೀಟರ್.

ಕಣ್ಣಿನ ಎತ್ತರ ಕೂಡಿಸಲು ಮರೆಯುವುದು ಎಲ್ಲ ಕಡೆ ಆಗುವ ತಪ್ಪು. ಅದಕ್ಕಿಂತ ಮೋಸದ್ದು ಕೊಡೆಯಂತೆ ಹರಡಿದ ಮರ. ಅದರ ನಿಜವಾದ ತುದಿ ಕಾಣುವುದಿಲ್ಲ, ನಮ್ಮ ಕಡೆಗೆ ಚಾಚಿದ ಕೊಂಬೆಯೇ ತುದಿಯೆಂದು ಕಾಣುತ್ತದೆ, ಲೆಕ್ಕ ಹೆಚ್ಚು ಬರುತ್ತದೆ. ನಮ್ಮತ್ತ ವಾಲಿದ ಮರವೂ ಹಾಗೆಯೇ. ಎದುರು ಬದುರು ಎರಡು ಕಡೆಯಿಂದ ಅಳೆದು ಸರಾಸರಿ ತೆಗೆದರೆ ವಾಲಿಕೆಯ ತಪ್ಪು ಬಹುಮಟ್ಟಿಗೆ ಕಳೆಯುತ್ತದೆ, ಹರಡಿದ ಮರದ್ದು ಕಳೆಯುವುದಿಲ್ಲ. ಹಾಗಾಗಿ ಶುರುವಿಗೆ ಮರವೇ ಬೇಡ, ಮಹಡಿ ಕಟ್ಟಡದ ಗೋಡೆ ಆರಿಸಿಕೊಳ್ಳಿ. ಮಕ್ಕಳ ಲೆಕ್ಕ ಮುಗಿದ ಮೇಲೆ ದೊಡ್ಡವರೊಬ್ಬರು ಮೇಲಿನಿಂದ ತೂಕ ಕಟ್ಟಿದ ಟೇಪು ಇಳಿಬಿಡಲಿ. ಟೇಪು ನೆಲ ಮುಟ್ಟುವವರೆಗೆ ಮಕ್ಕಳು ಉಸಿರು ಬಿಗಿಹಿಡಿದು ನಿಂತಿರುತ್ತಾರೆ.

ಹಾಳೆಯಲ್ಲಿ ಪ್ರತಿ ಅಳತೆಗೂ ಎರಡು ಮನೆ ಇರಲಿ: ಮೊದಲು ಅಂದಾಜು, ಆಮೇಲೆ ಅಳತೆ. ಅಂದಾಜನ್ನು ಪೆನ್ನಿನಲ್ಲೇ ಬರೆಸಿ. ಪೆನ್ಸಿಲ್ ಕೊಟ್ಟರೆ ಅಳೆದಾದ ಮೇಲೆ ಸದ್ದಿಲ್ಲದೆ ಅಳಿಸಿ ತಿದ್ದುತ್ತಾರೆ. ಹಾಗೆಯೇ ತ್ರಿಕೋನದ ಎರಡನೆಯ ಗೂಟಗಳನ್ನು ಎಲ್ಲ ಗುಂಪುಗಳೂ ಮುಗಿಸುವವರೆಗೆ ಕೀಳಿಸಬೇಡಿ. ಎರಡು ಗೂಟದ ನಡುವೆ ನಿಂತು, ಎಲ್ಲಿ ತಿರುಗುವಾಗ ತಪ್ಪಿತು ಎಂದು ಮಕ್ಕಳು ತಮ್ಮತಮ್ಮಲ್ಲೇ ವಾದಕ್ಕಿಳಿದಾಗ ನಡುವೆ ಬಾಯಿ ಹಾಕಬೇಡಿ. ಇನ್ನೊಂದು ಸಲ ನಡೆಯುತ್ತೇವೆ ಎಂದರೆ ದಿಕ್ಸೂಚಿ ಕೊಟ್ಟು ಕಳಿಸಿ.